ಕರ್ತವ್ಯ ಪಥಕ್ಕೆ ಗುಂಡ್ಲುಪೇಟೆಯಿಂದ ಎಷ್ಟು ದೂರ?

ಮ್ಯಾಪ್ ತೆರೆದು ನೋಡಿದರೆ ಎರಡು ಸಾವಿರ ಕಿಲೋಮೀಟರಿಗೂ ಮೇಲೆ ತೋರಿಸುತ್ತೆ. ನಾವಿಲ್ಲಿ ಹೇಳೋಕೆ ಹೊರಟಿರೋದು ಆ ದೂರದ ಬಗ್ಗೆ ಅಲ್ಲ. ಚಾಮರಾಜನಗರದಲ್ಲೋ ಗುಂಡ್ಲುಪೇಟೆಯಲ್ಲೋ ಬೆಳೆದು, ನಮ್ಮ ಥರ ಇಂಜಿನಿಯರಿಂಗ್ ಓದ್ತಿರೋ ಒಬ್ಬ ಹುಡುಗ ಅಥವಾ ಹುಡುಗಿ ಜನವರಿ 26ರ ಬೆಳಿಗ್ಗೆ ದೆಹಲಿಯ ಆ ರಸ್ತೆ ಮೇಲೆ ಹೆಜ್ಜೆ ಹಾಕಬೇಕು ಅಂದರೆ ಏನೇನು ದಾಟಬೇಕು ಅನ್ನೋದು ನಮ್ಮ ಪ್ರಶ್ನೆ. ಟೀವಿಯಲ್ಲಿ ನೋಡೋವಾಗ ಒಂದು ತಂಡ ಪರದೆ ಮೇಲೆ ಇರೋದು ಒಂದು ನಿಮಿಷ. ಅಷ್ಟರಲ್ಲಿ ನಾವು ಕಾಫಿ ಲೋಟ ಇಟ್ಟು ಬಂದಿರ್ತೀವಿ. ಆ ಒಂದು ನಿಮಿಷದ ಹಿಂದೆ ಹೆಚ್ಚು ಕಡಿಮೆ ಒಂದು ವರ್ಷದ ಕೆಲಸ ಇರುತ್ತೆ.

ಮೊದಲು ಸ್ವಲ್ಪ ಹಿನ್ನೆಲೆ. 1950ರ ಮೊದಲ ಗಣರಾಜ್ಯೋತ್ಸವದ ಪೆರೇಡ್ ನಡೆದದ್ದು ಈಗಿನ ಜಾಗದಲ್ಲಲ್ಲ, ಇರ್ವಿನ್ ಕ್ರೀಡಾಂಗಣದಲ್ಲಿ. ಈಗ ಅದು ಮೇಜರ್ ಧ್ಯಾನ್‌ಚಂದ್ ಕ್ರೀಡಾಂಗಣ. ರಾಜಪಥದಲ್ಲೇ ಕಾಯಂ ಆಗಿ ನಡೆಯೋಕೆ ಶುರುವಾದದ್ದು 1955ರಿಂದ. ರಾಜಪಥಕ್ಕೆ ಕರ್ತವ್ಯ ಪಥ ಅಂತ ಹೆಸರು ಬಂದದ್ದು 2022ರಲ್ಲಿ. ಸೈನಿಕರ ಸಾಲಿನ ಜೊತೆ ಹಳ್ಳಿಯ ಕುಣಿತಗಳೂ ಬರಬೇಕು ಅನ್ನೋ ಯೋಚನೆ ಹಳೆಯದು. 1953ರಲ್ಲೇ ಗಣರಾಜ್ಯೋತ್ಸವದ ಅಂಗವಾಗಿ ದೆಹಲಿಯಲ್ಲಿ ಜಾನಪದ ನೃತ್ಯೋತ್ಸವ ಶುರುವಾಯಿತು. ಹೊಸ ದೇಶಕ್ಕೆ ತನ್ನದೇ ಜನರ ಮುಖ ಪರಿಚಯ ಆಗಬೇಕಿತ್ತು. ಅವತ್ತಿನಿಂದ ಇವತ್ತಿನವರೆಗೂ ಆ ರಸ್ತೆಯಲ್ಲಿ ಕುಣಿಯುವವರಲ್ಲಿ, ನಡೆಯುವವರಲ್ಲಿ ತುಂಬಾ ಜನ ಸಂಬಳಕ್ಕೆ ಬಂದವರಲ್ಲ. ಸ್ವಯಂಸೇವಕರು, ಕೆಡೆಟ್‌ಗಳು, ಶಾಲೆ ಮಕ್ಕಳು, ಊರಿನ ಕಲಾವಿದರು.

ನಮ್ಮಂಥವರಿಗೆ ಇರುವ ದೊಡ್ಡ ಬಾಗಿಲು ಎನ್‌ಎಸ್‌ಎಸ್. 1969ರ ಸೆಪ್ಟೆಂಬರ್ 24ರಂದು, ಗಾಂಧಿ ಜನ್ಮಶತಮಾನೋತ್ಸವದ ವರ್ಷದಲ್ಲಿ, 37 ವಿಶ್ವವಿದ್ಯಾಲಯಗಳಲ್ಲಿ ಸುಮಾರು 40,000 ವಿದ್ಯಾರ್ಥಿಗಳಿಂದ ಶುರುವಾದದ್ದು. "ನನಗಲ್ಲ, ನಿನಗೆ" ಅನ್ನೋ ಧ್ಯೇಯವಾಕ್ಯ ಎಲ್ಲರಿಗೂ ಬಾಯಿಪಾಠ. ಬ್ಯಾಡ್ಜ್ ಮೇಲಿರುವ ಚಕ್ರ ಕೋನಾರ್ಕದ ರಥದ್ದು ಅಂತ ಮಾತ್ರ ಸುಮಾರು ಜನಕ್ಕೆ ಗೊತ್ತಿಲ್ಲ. ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ ಕೆಲಸ, ಜೊತೆಗೆ ಹಳ್ಳಿಯಲ್ಲಿ ಏಳು ದಿನದ ಶಿಬಿರ. ಎನ್‌ಎಸ್‌ಎಸ್ ಗಣರಾಜ್ಯೋತ್ಸವ ಶಿಬಿರ ಮೊದಲು ನಡೆದದ್ದು 1988ರಲ್ಲಿ. ಪ್ರತಿ ವರ್ಷ ಜನವರಿ 1ರಿಂದ 31ರವರೆಗೆ, ಇಡೀ ದೇಶದಿಂದ 200 ಜನ.

ಈ 200 ಅನ್ನೋ ಅಂಕಿಯನ್ನು ಸ್ವಲ್ಪ ಹೊತ್ತು ನೋಡಿ. ದೇಶದ ಎಲ್ಲಾ ರಾಜ್ಯ, ಎಲ್ಲಾ ವಿಶ್ವವಿದ್ಯಾಲಯ ಸೇರಿ 200. ನಮ್ಮ ವಿಟಿಯು ಒಂದರಲ್ಲೇ ಎಷ್ಟು ಕಾಲೇಜಿದೆ ಲೆಕ್ಕ ಹಾಕಿಕೊಳ್ಳಿ. ಮೊದಲು ಕಾಲೇಜಿನಲ್ಲಿ ಆಯ್ಕೆ, ಆಮೇಲೆ ವಿಶ್ವವಿದ್ಯಾಲಯ ಮಟ್ಟ, ಆಮೇಲೆ ರಾಜ್ಯ, ಅದಾದ ಮೇಲೆ ಹತ್ತು ದಿನದ ಪ್ರೀ-ಆರ್‌ಡಿ ಶಿಬಿರ. ಅಲ್ಲಿ ಡ್ರಿಲ್ ನೋಡ್ತಾರೆ, ಆರೋಗ್ಯ ನೋಡ್ತಾರೆ, ಹಾಡು ಕುಣಿತ ಏನು ಬರುತ್ತೆ ಕೇಳ್ತಾರೆ, ಮಾತಾಡಿಸ್ತಾರೆ. ಕ್ಯಾಂಪಸ್ ಪ್ಲೇಸ್‌ಮೆಂಟ್‌ನ ನಾಲ್ಕು ರೌಂಡ್ ಇದರ ಮುಂದೆ ಏನೂ ಅಲ್ಲ ಅಂತ ನಮ್ಮ ಸೀನಿಯರ್ ಒಬ್ಬರು ಹೇಳ್ತಿದ್ದರು. ಅವರು ಪ್ಲೇಸ್‌ಮೆಂಟ್ ಪಾಸಾಗಿದ್ದರು, ಇದರಲ್ಲಿ ಆಗಿರಲಿಲ್ಲ.

ಇನ್ನೊಂದು ಬಾಗಿಲು ಎನ್‌ಸಿಸಿ. ಅದಕ್ಕೆ ಸಂಖ್ಯೆ ದೊಡ್ಡದು. 2025ರ ಶಿಬಿರದಲ್ಲಿ 2361 ಕೆಡೆಟ್‌ಗಳಿದ್ದರು, ಅವರಲ್ಲಿ 917 ಹುಡುಗಿಯರು. ಶಿಬಿರ ನಡೆಯೋ ಮೈದಾನಕ್ಕೆ ನಮ್ಮ ಕೊಡಗಿನ ಕಾರ್ಯಪ್ಪನವರ ಹೆಸರು, ದೆಹಲಿ ಕಂಟೋನ್ಮೆಂಟಿನ ಕಾರ್ಯಪ್ಪ ಪೆರೇಡ್ ಗ್ರೌಂಡ್. ಮೂರನೆಯದು ರಾಜ್ಯದ ಸ್ತಬ್ಧಚಿತ್ರದ ಅಕ್ಕಪಕ್ಕ ಕುಣಿಯುವ ಜಾನಪದ ತಂಡ. ಇದಕ್ಕೆ ವಾರ್ತಾ ಇಲಾಖೆ ತಯಾರಿ ಮಾಡುತ್ತೆ, ರಕ್ಷಣಾ ಸಚಿವಾಲಯದ ತಜ್ಞರ ಸಮಿತಿ ಒಪ್ಪಬೇಕು. 2023ರಲ್ಲಿ ಸೂಲಗಿತ್ತಿ ನರಸಮ್ಮ, ತುಳಸಿ ಗೌಡ, ಸಾಲುಮರದ ತಿಮ್ಮಕ್ಕ ಇವರ ಮೇಲೆ ಮಾಡಿದ ಸ್ತಬ್ಧಚಿತ್ರ ನೆನಪಿರಬಹುದು. ಇನ್ನು 2025ರಲ್ಲಿ ಸಂಗೀತ ನಾಟಕ ಅಕಾಡೆಮಿ ಸುಮಾರು 5000 ಕಲಾವಿದರನ್ನು ಒಂದೇ ಸಲ ಇಳಿಸಿ, ಇಡೀ ಕರ್ತವ್ಯ ಪಥದ ಉದ್ದಕ್ಕೂ 11 ನಿಮಿಷದ ಕುಣಿತ ಮಾಡಿಸಿತು. ಅಷ್ಟು ಜನ ಅಷ್ಟು ಉದ್ದದ ಜಾಗದಲ್ಲಿ ಒಂದೇ ತಾಳಕ್ಕೆ ಹೇಗೆ ಕುಣಿದರು ಅನ್ನೋ ಪ್ರಶ್ನೆ ನಮಗೆ ಪಾಠದ ಪ್ರಶ್ನೆ ಥರ ಕಾಡಿತು. ಅದಕ್ಕೆ ಆಮೇಲೆ ಬರ್ತೀವಿ.

ಈಗ ಕಷ್ಟದ ವಿಷಯ. ಮೊದಲನೇ ಕಷ್ಟದ ಹೆಸರು ಜನವರಿ.

ನಮ್ಮ ಬೆಸ ಸೆಮಿಸ್ಟರ್ ಪರೀಕ್ಷೆ ಬರೋದು ಸಾಮಾನ್ಯವಾಗಿ ಡಿಸೆಂಬರ್, ಜನವರಿಯಲ್ಲೇ. ದೆಹಲಿ ಶಿಬಿರ ಕರೆಕ್ಟಾಗಿ ಆ ತಿಂಗಳು ಪೂರ್ತಿ. 2022ರ ಸ್ಕೀಮ್‌ನಲ್ಲಿ ಮೂರನೇ ಸೆಮ್‌ನಿಂದ ಆರನೇ ಸೆಮ್‌ವರೆಗೆ ಎನ್‌ಎಸ್‌ಎಸ್, ದೈಹಿಕ ಶಿಕ್ಷಣ, ಯೋಗ ಇವುಗಳಲ್ಲೊಂದನ್ನು ತಗೊಳ್ಳಲೇಬೇಕು, ಆದರೆ ಅದಕ್ಕೆ ಕ್ರೆಡಿಟ್ ಇಲ್ಲ. ಅಂದರೆ ವ್ಯವಸ್ಥೆ ಒಂದು ಕೈಯಲ್ಲಿ ಕಡ್ಡಾಯ ಅನ್ನುತ್ತೆ, ಇನ್ನೊಂದು ಕೈಯಲ್ಲಿ ಲೆಕ್ಕಕ್ಕಿಲ್ಲ ಅನ್ನುತ್ತೆ. ಹಾಜರಿ 85 ಪರ್ಸೆಂಟ್ ಬೇಕು. ಅದರಲ್ಲಿ ಹತ್ತು ಪರ್ಸೆಂಟ್‌ವರೆಗೆ ಮನ್ನಾ ಮಾಡಿಸಿಕೊಳ್ಳೋಕೆ ಅವಕಾಶ ಇದೆ, ಆದರೆ ಅದಕ್ಕೂ ಪತ್ರ, ಸಹಿ, ಮತ್ತೆ ಪತ್ರ. ಆಯ್ಕೆ ಶಿಬಿರಗಳಿಗೇ ಹದಿನೈದು ಇಪ್ಪತ್ತು ದಿನ ಹೋಗಿರುತ್ತೆ. ಲ್ಯಾಬ್ ತಪ್ಪಿದರೆ ಅದನ್ನು ಮತ್ತೆ ಮಾಡಿಸೋ ಅಧ್ಯಾಪಕರು ಸಿಗೋದು ಪುಣ್ಯ. ನಮಗೆ ಗೊತ್ತಿರೋ ಒಂದು ಕಾಲೇಜಿನಲ್ಲಿ, ರಾಜ್ಯ ಮಟ್ಟಕ್ಕೆ ಹೋಗಿ ಬಂದ ಹುಡುಗನಿಗೆ ಸನ್ಮಾನ ಮಾಡಿದ ವಾರವೇ ಹಾಜರಿ ಕೊರತೆ ಪಟ್ಟಿಯಲ್ಲೂ ಅವನ ಹೆಸರು ಹಾಕಿದ್ದರು. ಎರಡೂ ಒಂದೇ ನೋಟಿಸ್ ಬೋರ್ಡಿನಲ್ಲಿ.

ಎರಡನೇ ಕಷ್ಟ ಬಸ್ಸು. ನಗಬೇಡಿ. ನಮ್ಮ ಜಿಲ್ಲೆಯ ಹುಡುಗರಿಗೆ ಇದು ದೊಡ್ಡ ವಿಷಯ. ರೈಲು ಚಾಮರಾಜನಗರಕ್ಕೆ ಬಂದು ನಿಲ್ಲುತ್ತೆ, ಅದೇ ಕೊನೆ. ಗುಂಡ್ಲುಪೇಟೆಗೆ ರೈಲೇ ಇಲ್ಲ. ಡ್ರಿಲ್ ಪ್ರಾಕ್ಟೀಸ್ ಇಡೋದು ಕ್ಲಾಸ್ ಮುಗಿದ ಮೇಲೆ, ಸಂಜೆ ನಾಲ್ಕೂವರೆಯಿಂದ ಆರರವರೆಗೆ. ಆರಕ್ಕೆ ಬಿಟ್ಟರೆ ಪೇಟೆಗೆ ಬರೋ ಹೊತ್ತಿಗೆ ಏಳೂವರೆ, ಅಲ್ಲಿಂದ ಹಳ್ಳಿಗೆ ಹೋಗೋ ಕೊನೇ ಬಸ್ಸು ಹೋಗಾಗಿರುತ್ತೆ. ಕಾಡಂಚಿನ ಊರಾದರೆ ಕತ್ತಲಾದ ಮೇಲೆ ಬೈಕಿನಲ್ಲಿ ಬಿಡೋಕೂ ಯಾರೂ ಒಪ್ಪಲ್ಲ, ರಸ್ತೆಯಲ್ಲಿ ಆನೆ ನಿಂತಿರುತ್ತೆ. ಬಂಡೀಪುರದೊಳಗಿನ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ಇಲ್ಲ. ಅದು ಇರಬೇಕಾದದ್ದೇ, ನಮಗೆ ತಕರಾರಿಲ್ಲ. ಆದರೆ ಆ ಕಡೆ ಬೆಳೆದ ಮಕ್ಕಳಿಗೆ ದಿನ ಅನ್ನೋದು ಪಟ್ಟಣದವರಿಗಿಂತ ಎರಡು ಮೂರು ಗಂಟೆ ಚಿಕ್ಕದು.

ನಮ್ಮ ಬಳಗದಲ್ಲೇ ಗುಂಡ್ಲುಪೇಟೆ ಪಕ್ಕದ ಹಳ್ಳಿಯ ಒಬ್ಬಳು ಇದ್ದಾಳೆ, ಎಲೆಕ್ಟ್ರಾನಿಕ್ಸ್ ಓದ್ತಾಳೆ. ಹೆಸರು ಹಾಕಬೇಡಿ ಅಂದಿದ್ದಾಳೆ. ಮನೆಯಲ್ಲಿ ಎರಡು ಎಕರೆ, ಮಳೆ ಬಿದ್ದರೆ ಚೆಂಡು ಹೂ ಹಾಕ್ತಾರೆ. ಜೂನ್ ಜುಲೈನಲ್ಲಿ ಊಟಿ ರಸ್ತೆಯಲ್ಲಿ ಹೋಗೋರೆಲ್ಲ ಕಾರು ನಿಲ್ಲಿಸಿ ಸೆಲ್ಫಿ ತೆಗೆದುಕೊಳ್ಳೋ ಹಳದಿ ಹೊಲ ಅದು. ಹೂ ಬಿಡಿಸೋಕೆ ಬೆಳಿಗ್ಗೆ ಬೇಗ ಇಳೀಬೇಕು, ಕೂಲಿಗೆ ಜನ ಸಿಗಲ್ಲ, ಮಗಳು ರಜೆಯಲ್ಲಿ ಮನೆಯಲ್ಲಿದ್ದರೆ ಒಬ್ಬ ಆಳು ಉಳೀತು. ಕಾಲೇಜು ಮಟ್ಟದ ಆಯ್ಕೆ ನಡೆದದ್ದು ಕೂಡ ಸರಿಯಾಗಿ ಆ ಹೊತ್ತಿಗೇ. ಅವಳ ತಾಯಿ ಬೇಡ ಅನ್ನಲಿಲ್ಲ. ಕೇಳಿದ್ದು ಒಂದೇ ಮಾತು: "ಡೆಲ್ಲಿಗ ಹೋಗಿ ಕುಣ್ದ್‌ಬುಟ್ಟು ಬಂದ್ರ ಪರೀಕ್ಷ ಯಾರು ಬರ್ದಾರು ಕೂಸು?" ಇದಕ್ಕೆ ಇವಳ ಹತ್ರ ಉತ್ತರ ಇರಲಿಲ್ಲ. ನಮ್ಮ ಹತ್ರಾನೂ ಇರಲಿಲ್ಲ. ಕೊನೆಗೆ ಅವಳು ಮಾಡಿದ ಲೆಕ್ಕ ಹೀಗೆ: ಪ್ರಾಕ್ಟೀಸ್ ಇದ್ದ ದಿನ ಹಾಸ್ಟೆಲಿನ ಗೆಳತಿಯ ರೂಮಿನಲ್ಲಿ ಉಳಿಯೋದು, ಶನಿವಾರ ಮಧ್ಯಾಹ್ನ ಊರಿಗೆ ಹೋಗಿ ಭಾನುವಾರ ಹೊಲದಲ್ಲಿ ಕೆಲಸ, ಸೋಮವಾರ ಮೊದಲ ಬಸ್ಸಿಗೆ ವಾಪಸ್. ಓದು ಬಸ್ಸಿನಲ್ಲಿ. ಮೂರು ತಿಂಗಳು ಹೀಗೇ ನಡೆಸಿದಳು. ಹುಡುಗಿ ರಾತ್ರಿ ಮನೆಗೆ ಬರಲಿಲ್ಲ ಅಂದರೆ ಊರಿನಲ್ಲಿ ಬರೋ ಮಾತುಗಳನ್ನು ನಾವು ಇಲ್ಲಿ ಬರೆಯಲ್ಲ, ನಿಮಗೆ ಗೊತ್ತು. ಅದನ್ನು ತಡ್ಕೊಂಡದ್ದು ಅವಳಿಗಿಂತ ಜಾಸ್ತಿ ಅವಳ ತಾಯಿ.

ಭಾಷೆಯದೂ ಒಂದು ಕತೆ. ಡ್ರಿಲ್‌ನ ಆಜ್ಞೆಗಳೆಲ್ಲ ಹಿಂದಿ. ಸಾವಧಾನ್, ವಿಶ್ರಾಮ್, ದಾಹಿನೆ ಮುಡ್, ತೇಜ್ ಚಲ್. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಮೊದಲ ವಾರ ಎಡ ಬಲವೇ ಗೊಂದಲ. "ಬಾಯೆ" ಅಂದಾಗ ಬಲಕ್ಕೆ ತಿರುಗಿ ಪಕ್ಕದವನ ಮೂಗಿಗೆ ಮೂಗು ತಾಗಿಸಿಕೊಂಡವರು ನಮ್ಮಲ್ಲಿ ಇಬ್ಬರಿದ್ದಾರೆ. ಆದರೆ ಡ್ರಿಲ್‌ನ ಮಾತು ಒಂದು ಮೂವತ್ತು ನಲವತ್ತು ಪದ ಅಷ್ಟೇ, ಬೇಗ ಕಿವಿಗೆ ಹತ್ತುತ್ತೆ. ಕಷ್ಟ ಆಗೋದು ಸಂದರ್ಶನದಲ್ಲಿ. ಗೊತ್ತಿರೋದನ್ನು ಗೊತ್ತಿಲ್ಲದ ಭಾಷೆಯಲ್ಲಿ ಹೇಳಬೇಕಾದಾಗ ಮನುಷ್ಯ ತಾನು ಇರೋದಕ್ಕಿಂತ ದಡ್ಡನಾಗಿ ಕಾಣ್ತಾನೆ. ಚಾಮರಾಜನಗರ ಅಂದ ತಕ್ಷಣ, ಮುಖ್ಯಮಂತ್ರಿ ಬಂದರೆ ಕುರ್ಚಿ ಹೋಗುತ್ತಂತಲ್ಲ ಆ ಊರಾ ಅಂತ ನಗೋರು ನಮ್ಮ ರಾಜ್ಯದಲ್ಲೇ ಇದ್ದಾರೆ, ಇನ್ನು ಹೊರಗಿನವರ ಮಾತೇನು.

ಈಗ ನಮಗೆ ತುಂಬಾ ಇಷ್ಟವಾದ ಭಾಗಕ್ಕೆ ಬರೋಣ, ಕಂಸಾಳೆ. ಆಯ್ಕೆಯಲ್ಲಿ "ನಿಮ್ಮ ಕಡೆಯ ಕಲೆ ಏನು ಬರುತ್ತೆ" ಅಂತ ಕೇಳಿದಾಗ ನಮ್ಮ ಜಿಲ್ಲೆಯವರು ಮೊದಲು ಹೇಳೋದು ಇದನ್ನೇ. ಕಾಂಸ್ಯ ಅಂದರೆ ಕಂಚು, ಕಂಚಿನ ತಾಳ ಕಂಸಾಳೆ. ಎಡಗೈಯಲ್ಲಿ ಬಟ್ಟಲಿನ ಥರ ಇರೋ ತಾಳ, ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆ ತಾಳ, ಅದಕ್ಕೆ ಗೊಂಡೆ. ಕೂತು ಅಥವಾ ನಿಂತು ಮಾದಪ್ಪನ ಕತೆ ಹಾಡೋದು ಒಂದು ಬಗೆ. ಮೈ ಸುತ್ತ ಬೀಸುತ್ತಾ, ಬಗ್ಗಿ, ಮಲಗಿ, ತಿರುಗಿ ಕುಣಿಯೋದು ಬೀಸು ಕಂಸಾಳೆ. ಟೀವಿಯಲ್ಲಿ ಕಾಣೋದು ಎರಡನೆಯದು. ಮಲೆ ಮಹದೇಶ್ವರನ ಕಾವ್ಯ ರಾತ್ರಿಯೆಲ್ಲ ಹಾಡಿದರೂ ಮುಗಿಯಲ್ಲ. ಡಾ. ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿ ಅಚ್ಚು ಮಾಡಿಸಿದ ಮೇಲೆ ಓದೋರಿಗೂ ಸಿಕ್ಕಿತು. ಕಂಸಾಳೆ ಮಹದೇವಯ್ಯನವರ ದನಿ ನಮ್ಮ ಕಡೆ ಬಸ್ಸು, ಜಾತ್ರೆ, ಟೀ ಅಂಗಡಿ ಎಲ್ಲಾ ಕಡೆ ಕೇಳಿ ಬೆಳೆದದ್ದು ನಾವು.

ಕಾಲೇಜು ತಂಡಕ್ಕೆ ಕಂಸಾಳೆ ಬೇಕು ಅಂದಾಗ ಎದುರಾಗೋ ಪ್ರಶ್ನೆ ಬೇರೆ. ಇದು ಯಾರ ಕಲೆ? ಸಂಪ್ರದಾಯದಲ್ಲಿ ಕಂಸಾಳೆ ಹಿಡಿಯೋರು ದೇವರಗುಡ್ಡರು. ಗುರುವಿನಿಂದ ದೀಕ್ಷೆ, ರುದ್ರಾಕ್ಷಿ, ಜೋಳಿಗೆ, ಭಿಕ್ಷೆಗೆ ಹೋಗುವ ವ್ರತ, ಇಷ್ಟೂ ಸೇರಿದ್ದು. ಅದು ಅವರಿಗೆ "ಐಟಂ" ಅಲ್ಲ. ನಮ್ಮ ಮೆಕ್ಯಾನಿಕಲ್ ಗೆಳೆಯನೊಬ್ಬನ ತಾತ ದೇವರಗುಡ್ಡ. ಮೊಮ್ಮಗನಿಗೆ ದೀಕ್ಷೆ ಆಗಿಲ್ಲ, ಆಗೋ ಲಕ್ಷಣವೂ ಇಲ್ಲ, ಆದರೆ ಕೈಯಲ್ಲಿ ತಾಳ ಚಿಕ್ಕಂದಿನಿಂದ ಇದೆ. ತಂಡಕ್ಕೆ ಕಲಿಸಬೇಕು ಅಂತ ಹೋಗಿ ಕೇಳಿದಾಗ ತಾತ ಎರಡು ದಿನ ಮಾತಾಡಲಿಲ್ಲವಂತೆ. ಮೂರನೇ ದಿನ ಒಪ್ಪಿದರು. "ಇದು ಆಟದ ಸಾಮಾನಲ್ಲ ಕನ ಮಗಾ. ಎತ್ಕೊಳ್ಳೋವಾಗ ಮಾದಪ್ಪನ ಹೆಸ್ರೇಳಿ ಎತ್ಕೊ, ಇಡೋವಾಗ ನೆಲಕ ಬಿಸಾಕ್‌ಬ್ಯಾಡ." ಆಮೇಲೆ ತಂಡದಲ್ಲಿ ಒಂದು ರೂಢಿ ಬಂತು. ಪ್ರಾಕ್ಟೀಸ್ ಜಾಗದಲ್ಲಿ ಚಪ್ಪಲಿ ಇಲ್ಲ, ತಾಳ ಬಟ್ಟೆ ಮೇಲೆ ಇಡೋದು. ತಂಡದಲ್ಲಿ ದೇವರು ನಂಬದವರೂ ಇದ್ದರು, ಬೇರೆ ಧರ್ಮದವರೂ ಇದ್ದರು. ಯಾರೂ ತಕರಾರು ತೆಗೆಯಲಿಲ್ಲ. ನಮಗನ್ನಿಸೋದು, ಒಂದು ಕಲೆಯನ್ನು ಅದರವರಿಂದ ಕೇಳಿ ಪಡೆದುಕೊಂಡರೆ ಇಷ್ಟು ಬಾಕಿ ತೀರಿಸಲೇಬೇಕು. ಕೇಳದೆ ಯೂಟ್ಯೂಬ್ ನೋಡಿ ಕಲಿತ ತಂಡಗಳೂ ಇವೆ. ಚೆನ್ನಾಗೇ ಕುಣೀತಾರೆ, ಆದರೆ ತಾಳ ತಪ್ಪಿದಾಗ ಯಾಕೆ ತಪ್ಪಿತು ಅಂತ ಅವರಿಗೆ ಹೇಳೋರಿಲ್ಲ.

ಇದೇ ಮಾತು ಗೊರವರ ಕುಣಿತಕ್ಕೂ ಸಲ್ಲುತ್ತೆ. ಮೈಲಾರಲಿಂಗನ ಒಕ್ಕಲು, ಕೈಯಲ್ಲಿ ಡಮರು, ಇನ್ನೊಂದು ಕೈಯಲ್ಲಿ ಕೊಳಲು, ತಲೆ ಮೇಲೆ ಕರಡಿ ಕೂದಲಿನ ಟೋಪಿ. ಹಳೇ ಟೋಪಿ ಇದ್ದವರು ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಹೊಸದಾಗಿ ನಿಜವಾದ ಕೂದಲು ಸಿಗಲ್ಲ, ಸಿಗಲೂಬಾರದು. ಕರಡಿ ಕಾನೂನಿನ ರಕ್ಷಣೆಯಲ್ಲಿರೋ ಪ್ರಾಣಿ.

ಬೀಸು ಕಂಸಾಳೆಯಲ್ಲಿ ನೋವು ಇದೆ. ಕಲಿಯೋ ಮೊದಲ ತಿಂಗಳು ಬೀಸಿದ ತಾಳ ಬಟ್ಟಲಿಗೆ ಬೀಳೋ ಬದಲು ಬೆರಳ ಗೆಣ್ಣಿಗೆ ಬೀಳುತ್ತೆ. ಎಲ್ಲರ ಎಡಗೈ ಹೆಬ್ಬೆರಳಿನ ಬುಡ ಊದಿರುತ್ತೆ. ಅದೇ ಕೈಯಲ್ಲಿ ಮಾರನೇ ದಿನ ಇಂಜಿನಿಯರಿಂಗ್ ಡ್ರಾಯಿಂಗ್ ಶೀಟ್ ಹಿಡೀಬೇಕು. ಇನ್ನು ದೆಹಲಿಯ ಜನವರಿಯಲ್ಲಿ ಬೆಳಗಿನ ಹೊತ್ತು ಆರೇಳು ಡಿಗ್ರಿ. ನಮ್ಮೂರ ಚಳಿಗೆ ಸ್ವೆಟರ್ ಸಾಕು. ಅಲ್ಲಿ ಕಚ್ಚೆ ಪಂಚೆ, ರುದ್ರಾಕ್ಷಿ, ವಿಭೂತಿ ಹಾಕ್ಕೊಂಡು ನಿಂತರೆ ಕಂಚು ಮಂಜುಗಡ್ಡೆ ಹಿಡಿದ ಹಾಗೆ. ತಣ್ಣಗಾದ ಬೆರಳಿಗೆ ಏಟು ಬಿದ್ದರೆ ಎರಡು ಪಟ್ಟು ಉರಿಯುತ್ತೆ. ಅಭ್ಯಾಸ ಇರೋದು ಕತ್ತಲು ಕತ್ತಲಿರುವಾಗಲೇ. ಜನವರಿ 23ಕ್ಕೆ ಪೂರ್ಣ ವೇಷದ ರಿಹರ್ಸಲ್. 26ಕ್ಕೆ ಪೆರೇಡ್ ಶುರುವಾಗೋದು ಹತ್ತೂವರೆಗೆ, ಆದರೆ ಭದ್ರತಾ ತಪಾಸಣೆಗಾಗಿ ತಂಡಗಳು ಎಷ್ಟೋ ಗಂಟೆ ಮುಂಚೆ ಬಂದು ಕಾಯಬೇಕು. ಕುಣಿಯೋದಕ್ಕಿಂತ ಕಾಯೋದೇ ಕಷ್ಟ ಅಂತ ಹೋಗಿ ಬಂದವರೆಲ್ಲ ಹೇಳ್ತಾರೆ.

ಈಗ ಆ ಪಾಠದ ಪ್ರಶ್ನೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಏಳು ಡಿಗ್ರಿ ಚಳಿಯಲ್ಲಿ ಇನ್ನೂ ಸ್ವಲ್ಪ ಕಮ್ಮಿ, 335ರ ಹತ್ರ. ವಿಜಯ್ ಚೌಕದಿಂದ ಇಂಡಿಯಾ ಗೇಟ್‌ವರೆಗಿನ ದಾರಿ ಎರಡು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ಅಂತ ಇಟ್ಟುಕೊಳ್ಳಿ. ಈ ತುದಿಯಲ್ಲಿ ಹೊಡೆದ ತಾಳ ಆ ತುದಿಗೆ ಮುಟ್ಟೋಕೆ ಆರೇಳು ಸೆಕೆಂಡ್ ಬೇಕು. ತೇಜ್ ಚಲ್‌ನ ವೇಗ ನಿಮಿಷಕ್ಕೆ ಸುಮಾರು 120 ಹೆಜ್ಜೆ, ಅಂದರೆ ಒಂದು ಹೆಜ್ಜೆಗೆ ಅರ್ಧ ಸೆಕೆಂಡ್. ಅರ್ಧ ಸೆಕೆಂಡಿನಲ್ಲಿ ಶಬ್ದ ಹೋಗೋದು 170 ಮೀಟರ್. ಹಾಗಾಗಿ ಡ್ರಮ್ಮಿನಿಂದ 170 ಮೀಟರ್ ದೂರ ಇರೋನು ಕಿವಿಯನ್ನೇ ನಂಬಿ ನಡೆದರೆ, ಮುಂದಿನವನ ಎಡಗಾಲು ನೆಲ ಮುಟ್ಟುವಾಗ ಇವನದು ಬಲಗಾಲು. 85 ಮೀಟರ್ ದೂರ ಇರೋನದು ಗಾಳಿಯಲ್ಲಿ. ದೂರದ ಮೈದಾನದಲ್ಲಿ ಬಟ್ಟೆ ಒಗೆಯೋದನ್ನು ನೋಡುವಾಗ ಬಟ್ಟೆ ಮೇಲೆದ್ದ ಮೇಲೆ ಸದ್ದು ಕೇಳುತ್ತಲ್ಲ, ಅದೇ ಇದು.

ಒಂದು ತುಕಡಿಯೊಳಗೆ ಮುಂದಿನ ಸಾಲಿಂದ ಹಿಂದಿನ ಸಾಲಿಗೆ ಇಪ್ಪತ್ತು ಮೀಟರ್ ಅಂದುಕೊಂಡರೆ ತಡ 0.06 ಸೆಕೆಂಡ್. ಕಡಿಮೆ ಅನ್ನಿಸುತ್ತೆ, ಆದರೆ ಮೇಲಿಂದ ಕ್ಯಾಮೆರಾ ಹಿಡಿದರೆ ಕಾಲುಗಳು ಅಲೆ ಅಲೆಯಾಗಿ ಏಳೋದು ಕಾಣುತ್ತೆ. ಅದಕ್ಕೇ ಡ್ರಿಲ್ ಕಲಿಸೋರು ಬ್ಯಾಂಡ್ ಕೇಳಬೇಡ, ಪಕ್ಕದವನ ಭುಜ ನೋಡು ಅಂತ ಬಡ್ಕೋತಾರೆ. ಬೆಳಕಿಗೆ ಈ ತಡ ಇಲ್ಲ. ಜೊತೆಗೆ ಲಯ ಮೈಯೊಳಗೇ ಕೂರಬೇಕು, ಹೊರಗಿನ ಸದ್ದು ನಿಂತರೂ ಹೆಜ್ಜೆ ನಿಲ್ಲಬಾರದು. ತಿಂಗಳುಗಟ್ಟಲೆ ಅಭ್ಯಾಸ ಮಾಡಿಸೋದು ಇದಕ್ಕೇ, ಕಾಲು ಎತ್ತೋದು ಕಲಿಸೋಕೆ ಒಂದು ವಾರ ಸಾಕು. ಐದು ಸಾವಿರ ಜನರನ್ನು ಉದ್ದಕ್ಕೂ ನಿಲ್ಲಿಸಿ ಒಂದೇ ಹಾಡಿಗೆ ಕುಣಿಸಬೇಕಾದರೆ ಒಂದು ಮೂಲೆಯಲ್ಲಿ ದೊಡ್ಡ ಸ್ಪೀಕರ್ ಇಟ್ಟರೆ ಆಗಲ್ಲ. ದಾರಿಯುದ್ದಕ್ಕೂ ಸ್ಪೀಕರ್ ಬೇಕು. ತಂತಿಯಲ್ಲಿ ಸಿಗ್ನಲ್ ಹೋಗೋ ವೇಗಕ್ಕೆ ಎಲ್ಲಾ ಸ್ಪೀಕರ್ ಒಂದೇ ಕ್ಷಣ ಮಾತಾಡುತ್ತೆ, ಆಗ ಪ್ರತಿಯೊಬ್ಬರೂ ಕೇಳೋದು ತಮ್ಮ ಹತ್ತಿರದ್ದನ್ನ. ಆದರೂ ದೂರದ ಸ್ಪೀಕರಿನ ಸದ್ದು ತಡವಾಗಿ ಬಂದು ಗೊಂದಲ ಮಾಡುತ್ತೆ. ಕುಣಿಯೋರು ಅದನ್ನು ಕೇಳಿಯೂ ಕೇಳದ ಹಾಗೆ ಇರೋಕೆ ಕಲೀಬೇಕು.

ಕಂಸಾಳೆ ತಂಡ ಹುಟ್ಟಿದ್ದೇ ಇದಕ್ಕೆ ತದ್ವಿರುದ್ಧವಾದ ಜಾಗದಲ್ಲಿ. ದೇವಸ್ಥಾನದ ಮುಂದಿನ ಅಂಗಳ, ಎಂಟು ಹತ್ತು ಜನ, ಐದಾರು ಮೀಟರಿನ ವೃತ್ತ. ಅಲ್ಲಿ ತಡ 0.015 ಸೆಕೆಂಡ್, ಇಲ್ಲವೇ ಇಲ್ಲ ಅನ್ನಬಹುದು. ಒಬ್ಬರ ತಾಳ ಇನ್ನೊಬ್ಬರಿಗೆ ತಕ್ಷಣ ಕೇಳುತ್ತೆ, ಹಾಡೋನು ವೇಗ ಏರಿಸಿದರೆ ಎಲ್ಲರೂ ಏರ್ತಾರೆ. ಇದನ್ನು ತಂದು ನೂರು ಮೀಟರ್ ಉದ್ದದ ಸಾಲಾಗಿ ನಿಲ್ಲಿಸಿ, ರೆಕಾರ್ಡ್ ಮಾಡಿದ ಹಾಡಿಗೆ, ಮೊದಲೇ ಗೊತ್ತು ಮಾಡಿದ ನಿಮಿಷಕ್ಕೆ ಕುಣಿಸೋದು ಅಂದರೆ ಬೇರೆಯದೇ ಕಲೆ. ಕೆಟ್ಟದ್ದು ಅಂತ ನಾವು ಹೇಳ್ತಿಲ್ಲ. ಆದರೆ ರಾತ್ರಿಯೆಲ್ಲ ನಡೆಯೋದು ಎರಡು ನಿಮಿಷಕ್ಕೆ ಬಂದಾಗ ಮೊದಲು ಹೋಗೋದು ಕತೆ, ಆಮೇಲೆ ಹೋಗೋದು ಹಾಡೋನ ಇಷ್ಟದ ವೇಗ. ಉಳಿಯೋದು ಬೀಸು. ಗೆಳೆಯನ ತಾತನಿಗೆ ದೆಹಲಿಯ ಒಂದು ವಿಡಿಯೋ ತೋರಿಸಿದಾಗ ಅವರು ಪೂರ್ತಿ ನೋಡಿ, "ಚೆನ್ನಾಗದ. ಆದ್ರ ಇವ್ರು ಯಾರ ಕತ ಹೇಳ್ತಾವ್ರ?" ಅಂದರು.

ಸೋಲಿಗರ ವಿಷಯ ಇನ್ನೂ ಗಟ್ಟಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗೊರುಕನ ಹಾಡು ಕುಣಿತ ಈಗ ಎಲ್ಲಾ ಉತ್ಸವಕ್ಕೂ ಬೇಕು. 1974ರಲ್ಲಿ ಆ ಕಾಡು ಅಭಯಾರಣ್ಯವಾದಾಗ, ಅಲ್ಲೇ ಬೇಸಾಯ ಮಾಡ್ಕೊಂಡಿದ್ದವರನ್ನು ಒಳಗಿನ ಪೋಡುಗಳಿಂದ ಹೊರಗೆ ತಂದು ಕೂರಿಸಿದರು. 2011ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರಿಗೆ ಸಮುದಾಯ ಹಕ್ಕು ಸಿಕ್ಕಿತು. ದೇಶದಲ್ಲಿ ಹುಲಿ ಕಾಡಿನೊಳಗೆ ಇಂಥ ಹಕ್ಕು ಸಿಕ್ಕಿದ್ದು ಅವರಿಗೇ ಮೊದಲು. ಹಾಡಿನಲ್ಲಿ ಬರೋ ಮರ, ಹೂ, ಪ್ರಾಣಿ ಇರೋ ಕಾಡಿಗೆ ಹೋಗೋಕೆ ನಿರ್ಬಂಧ ಇದ್ದ ಕಾಲದಲ್ಲೂ ಅದೇ ಹಾಡನ್ನು ವೇದಿಕೆ ಮೇಲೆ ಹಾಡೋಕೆ ಕರೀತಿದ್ದರು. ನಮ್ಮ ಜೊತೆ ಹಾಸ್ಟೆಲಿನಲ್ಲಿರೋ ಸೋಲಿಗ ಗೆಳೆಯ ಒಬ್ಬ ಕುಣಿತದ ತಂಡಕ್ಕೆ ಸೇರೋಕೆ ಒಪ್ಪಲಿಲ್ಲ. ಡ್ರಿಲ್ ತಂಡಕ್ಕೆ ಸೇರಿದ. "ಎಲ್ಲಿಗೆ ಹೋದರೂ ನನ್ನನ್ನ ಕುಣಿ ಅಂತಾನೇ ಅಂತೀರಿ. ನನಗೆ ಸಾಲಲ್ಲಿ ನಡೆಯೋಕೆ ಇಷ್ಟ" ಅಂದ. ಅವನು ವಿಶ್ವವಿದ್ಯಾಲಯ ಮಟ್ಟದವರೆಗೂ ಹೋದ.

ಹೂವಿನ ಹೊಲದ ಹುಡುಗಿ ರಾಜ್ಯ ಮಟ್ಟದ ಪಟ್ಟಿಯಲ್ಲಿ ಬಂದು, ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ. ಜನವರಿಯ ಪರೀಕ್ಷೆಯನ್ನು ಎಲ್ಲರ ಜೊತೆ ಕೂತು ಬರೆದಳು. 26ಕ್ಕೆ ಚಾಮರಾಜನಗರದ ಡಾ. ಬಿ.ಆರ್. ಅಂಬೇಡ್ಕರ್ ಜಿಲ್ಲಾ ಕ್ರೀಡಾಂಗಣದ ಪಥಸಂಚಲನದಲ್ಲಿ ನಮ್ಮ ಕಾಲೇಜಿನ ತುಕಡಿಗೆ ಅವಳದೇ ನಾಯಕತ್ವ. ಅವಳ ತಾಯಿ ಮೊದಲ ಬಸ್ಸಿಗೆ ಬಂದು ಗ್ಯಾಲರಿಯಲ್ಲಿ ಕೂತಿದ್ದರು. ಬಿಸಿಲು ಏರಿದ ಮೇಲೆ ಶಾಲೆ ಮಕ್ಕಳ ನೃತ್ಯ ಇನ್ನೂ ಮುಗಿಯದೆ ಇದ್ದಾಗ, ದನಕ್ಕೆ ನೀರು ಕುಡಿಸೋರಿಲ್ಲ ಅಂತ ಎದ್ದು ಹೋದರು. ಕಂಸಾಳೆ ತಂಡಕ್ಕೂ ದೆಹಲಿ ಸಿಗಲಿಲ್ಲ. ದಸರೆಗೆ ಮುಂಚೆ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ನಡೆಯೋ ಯುವ ಸಂಭ್ರಮಕ್ಕೆ ಅದೇ ಕುಣಿತ ಒಯ್ಯಬೇಕು ಅಂತ ಈಗ ಓಡಾಡ್ತಿದ್ದಾರೆ. ಅಲ್ಲಿ ವೇದಿಕೆ ಚಿಕ್ಕದು, ವೃತ್ತದಲ್ಲೇ ನಿಲ್ಲಬಹುದು.

ಈ ವರ್ಷ ಪ್ರಯತ್ನ ಮಾಡಬೇಕು ಅಂತಿರೋರಿಗೆ ಎರಡು ಮಾತು. ಕಾಲೇಜು ಶುರುವಾದ ಮೊದಲ ತಿಂಗಳೇ ಎನ್‌ಎಸ್‌ಎಸ್ ಕಾರ್ಯಕ್ರಮಾಧಿಕಾರಿಗಳನ್ನು ನೋಡಿ, ಅಕ್ಟೋಬರ್‌ನಲ್ಲಿ ನೋಡಿದರೆ ಪಟ್ಟಿ ಹೋಗಾಗಿರುತ್ತೆ. ಪ್ರತಿ ಶಿಬಿರದ ಹಾಜರಿ ಪತ್ರವನ್ನು ಅವತ್ತೇ ತಗೊಂಡು ಫೋಟೋ ತೆಗೆದಿಡಿ, ವಿಭಾಗದ ಮುಖ್ಯಸ್ಥರಿಗೆ ಹೋಗೋ ಮುಂಚೆಯೇ ಅರ್ಜಿ ಕೊಡಿ, ಬಂದ ಮೇಲೆ ಅಲ್ಲ. ದೆಹಲಿ ಶಿಬಿರದ ಊಟ ವಸತಿ ಸರ್ಕಾರದ್ದು, ಆದರೆ ಅದಕ್ಕೆ ಮುಂಚಿನ ಓಡಾಟಕ್ಕೆ ಸದ್ಯಕ್ಕೆ ಕೈಯಿಂದ ಹಾಕಬೇಕಾಗಿ ಬರುತ್ತೆ, ಕನ್ನಡ ಸಂಘದ ಡಬ್ಬಿಯಲ್ಲಿ ಅದಕ್ಕೆ ಸ್ವಲ್ಪ ದುಡ್ಡು ಇಟ್ಟಿದ್ದೀವಿ, ಕೇಳೋಕೆ ಸಂಕೋಚ ಬೇಡ. ಮತ್ತೆ ಶೂ ಈಗಲೇ ತಗೊಳ್ಳಿ. ಹೊಸ ಶೂ ಹಾಕಿ ಆಯ್ಕೆಗೆ ಹೋದವರ ಹಿಮ್ಮಡಿ ಮೂರನೇ ದಿನಕ್ಕೆ ಕಿತ್ತು ಹೋಗಿರುತ್ತೆ.